ರೇಷ್ಮೆಗೆ ಮಾರುಕಟ್ಟೆಯಿದೆ, ನಾರಿಗೆ?

ಹೂವಿನೊಡನೆ ನಾರೂ ಸ್ವರ್ಗ ಸೇರಿತೆಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಗಾದೆ ಕಟ್ಟಿದವರು ನಾರಿಗೆ ಕೊಟ್ಟಿರುವ ಸ್ಥಾನವನ್ನು ಗಮನಿಸಬೇಕು. ಅದಕ್ಕೆ ಸ್ವಂತದ ಯೋಗ್ಯತೆಯೇನೂ ಇಲ್ಲ, ಹೂವಿನ ಸಹವಾಸದಿಂದ ದಕ್ಕಿದ ಪುಣ್ಯವಷ್ಟೇ ಅದರದು. ಬಿಡಿ ಹೂಗಳನ್ನು ಮಾಲೆಯಾಗಿ ಹಿಡಿದು ನಿಲ್ಲಿಸಿದ್ದು ಆ ಬಾಳೆಯ ನಾರೇ ಎಂಬುದು ಗಾದೆಗೆ ಮುಖ್ಯವಲ್ಲ. ಬೆಂಗಳೂರಿನಿಂದ ಮೈಸೂರಿನ ಹಾದಿಯಲ್ಲಿ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ದಾಟುವಾಗಲೆಲ್ಲ ಈ ಮಾತು ನೆನಪಿಗೆ ಬರುತ್ತದೆ. ಈ ಸೀಮೆಯಲ್ಲಿ ಹೂವಿನ ಪಟ್ಟ ರೇಷ್ಮೆಗೆ ಸಂದಿದೆ. ತೆಂಗಿನ ಮಟ್ಟೆ, ಬದುವಿನ ಕತ್ತಾಳೆ, ಬಾಳೆಯ ದಿಂಡುಗಳು ನಾರಿನ ಜಾಗದಲ್ಲಿವೆ. ಗಾದೆಗೂ ವಾಸ್ತವಕ್ಕೂ ಇರುವ ವ್ಯತ್ಯಾಸವೆಂದರೆ, ಇಲ್ಲಿ ಹೂವು ಮಾತ್ರ ಸ್ವರ್ಗ ಸೇರಿತು. ನಾರು ಬೇಲಿಯಂಚಿನಲ್ಲೇ ಉಳಿಯಿತು.

ರೇಷ್ಮೆಯ ಏಳಿಗೆ ತಾನಾಗಿಯೇ ಆದದ್ದಲ್ಲವೆಂಬುದನ್ನು ಮೊದಲು ನೆನಪಿಸಿಕೊಳ್ಳುವುದು ಒಳಿತು. ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ಈ ಕಸುಬನ್ನು ಮುಂದೆ ಅರಸರ ಆಡಳಿತ ಪೋಷಿಸಿತು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಕೇಂದ್ರ ರೇಷ್ಮೆ ಮಂಡಳಿ ಕಾಯ್ದೆ ಬಂದಿತು; ಮಂಡಳಿಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ರಾಜ್ಯದಲ್ಲಿ ರೇಷ್ಮೆಗೆಂದೇ ಒಂದು ಇಲಾಖೆ ಏರ್ಪಟ್ಟಿತು. 1959ರಲ್ಲಿ ರೇಷ್ಮೆ ಬಿತ್ತನೆ, ಗೂಡು ಹಾಗೂ ನೂಲಿನ ಉತ್ಪಾದನೆ, ಸರಬರಾಜು ಮತ್ತು ಮಾರಾಟವನ್ನು ನಿಯಂತ್ರಿಸುವ ಪ್ರತ್ಯೇಕ ಕಾಯ್ದೆಯೇ ಆಯಿತು. 1980ರಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಕರ್ನಾಟಕ ರೇಷ್ಮೆ ಯೋಜನೆ ಆರಂಭವಾಯಿತು. ಇಷ್ಟು ಸಾಲದೆಂಬಂತೆ, ಗೂಡಿನಿಂದ ನೂಲು ಬಿಚ್ಚಿದ ಮೇಲೆ ಉಳಿಯುವ ತ್ಯಾಜ್ಯಕ್ಕೂ ಚನ್ನಪಟ್ಟಣದಲ್ಲಿ ಸ್ಪನ್ ಸಿಲ್ಕ್ ಗಿರಣಿ ಎದ್ದಿತು. ರೇಷ್ಮೆಯ ಕಸಕ್ಕೂ ಗಿರಣಿ ಕಟ್ಟಿದ ನಾಡು ನಮ್ಮದು. ತೆಂಗಿನ ಕಸಕ್ಕೆ ಮಾತ್ರ ತಿಪ್ಪೆಯನ್ನೋ ಒಲೆಯನ್ನೋ ತೋರಿಸಿದೆವು.

ಈ ವ್ಯವಸ್ಥೆಯ ಕಿರೀಟವೆಂದರೆ ರಾಮನಗರದ ಗೂಡಿನ ಮಾರುಕಟ್ಟೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಅದರ ಗಾತ್ರಕ್ಕಿಂತ, ಅದು ಕೆಲಸ ಮಾಡುವ ಬಗೆ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ರೈತ ತಂದ ಗೂಡು ಎಲ್ಲರ ಕಣ್ಣೆದುರಿಗೆ ಹರಡಿಕೊಳ್ಳುತ್ತದೆ. ಪರವಾನಗಿ ಪಡೆದ ಬಿಚ್ಚಾಣಿಕೆದಾರರು ಅದನ್ನು ಕೈಯಲ್ಲಿ ಹಿಡಿದು, ಕಿವಿಯ ಬಳಿ ಅಲುಗಾಡಿಸಿ, ಒತ್ತಿ ನೋಡುತ್ತಾರೆ. ಬೆಲೆಯನ್ನು ಹರಾಜು ನಿರ್ಧರಿಸುತ್ತದೆ. ಒಪ್ಪಿಗೆಯಾಗದ ಬೆಲೆಯನ್ನು ನಿರಾಕರಿಸುವ ಹಕ್ಕು ರೈತನಿಗಿದೆ. ತೂಕ ಇಲಾಖೆಯದು. ಇತ್ತೀಚಿನ ವರ್ಷಗಳಲ್ಲಿ ಹರಾಜು ವಿದ್ಯುನ್ಮಾನಗೊಂಡು, ಹಣ ನೇರವಾಗಿ ರೈತನ ಬ್ಯಾಂಕ್ ಖಾತೆಗೆ ಸೇರುವ ಏರ್ಪಾಡೂ ಆಗಿದೆ. ಸರ್ಕಾರ ಇಷ್ಟೆಲ್ಲ ಏಕೆ ಮಾಡಬೇಕಾಯಿತು? ಗೂಡು ಕಾಯುವ ಸರಕಲ್ಲ. ಕೆಲವೇ ದಿನಗಳಲ್ಲಿ ಒಳಗಿನ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬಂದರೆ ನೂಲು ಎಳೆಯುವಂತಿಲ್ಲ. ಇದು ಕೊಳ್ಳುವವನಿಗೂ ಗೊತ್ತು, ಮಾರುವವನಿಗೂ ಗೊತ್ತು. ಇಂಥ ಅಸಮಾನ ಚೌಕಾಸಿಯಲ್ಲಿ ದುರ್ಬಲನಿಗೆ ಬಲ ತುಂಬಿದ್ದು ಆ ಸಾರ್ವಜನಿಕ ಕಟ್ಟೆ. ರೇಷ್ಮೆಯ ಹೊಳಪು ಎಷ್ಟೇ ಇರಲಿ, ಆ ಕಟ್ಟೆಯಿಲ್ಲದಿದ್ದರೆ ಹಿಪ್ಪುನೇರಳೆಯ ತೋಟಗಳು ಈ ತಾಲ್ಲೂಕುಗಳಲ್ಲಿ ಇಷ್ಟು ಕಾಲ ಉಳಿಯುತ್ತಿದ್ದವೆಂದು ನಾನು ನಂಬಲಾರೆ.

ಇನ್ನು ನಾರಿನ ಕಡೆಗೆ ಬರೋಣ. ನಗರದವರಿಗೆ ಬರಿಯ ಹಗ್ಗವಾಗಿ ಕಾಣುವ ವಸ್ತು ಒಕ್ಕಲುಮನೆಯಲ್ಲಿ ಹಲವು ಹೆಸರಿನದಾಗಿತ್ತು. ಕರುವಿಗೆ ಕಣ್ಣಿ, ಎತ್ತಿಗೆ ಮೂಗುದಾರ, ಬಾವಿಗೆ ಸೇದುವ ಹಗ್ಗ, ಕಡಗೋಲಿಗೆ ಹುರಿ, ಬೆಣ್ಣೆಯ ಗಡಿಗೆಯನ್ನು ಬೆಕ್ಕಿನಿಂದ ಕಾಯಲು ನೆಲುವು, ತೊಟ್ಟಿಲನ್ನು ತೊಲೆಗೆ ಕಟ್ಟಲು ಒಂದು, ಕೊನೆಗೆ ಚಟ್ಟ ಕಟ್ಟಲು ಇನ್ನೊಂದು. ಇವೆಲ್ಲ ಊರಿನ ಗಿಡಗಳಿಂದಲೇ ಬರುತ್ತಿದ್ದವು. ಕತ್ತಾಳೆ ಮೂಲತಃ ಮೆಕ್ಸಿಕೋ ಕಡೆಯ ಗಿಡವಾದರೂ, ಹೊಲದ ಬದುವಿನಲ್ಲೂ ರೈಲುಹಾದಿಯ ಬದಿಯಲ್ಲೂ ಬೇಲಿಯಾಗಿ ಹಬ್ಬಿ ನಮ್ಮದೇ ಆಗಿಬಿಟ್ಟಿತು. ಸೆಣಬನ್ನು ಹೊಲಕ್ಕೆ ಹಸಿರುಗೊಬ್ಬರವಾಗಿಯೂ ನಾರಿಗಾಗಿಯೂ ಬಿತ್ತುತ್ತಿದ್ದರು. ಉತ್ತರ ಕರ್ನಾಟಕದವರಿಗೆ ಪುಂಡಿ ಪಲ್ಯದ ರುಚಿ ಗೊತ್ತು. ಅದೇ ಪುಂಡಿ ಬಲಿತ ಮೇಲೆ ಅದರ ಕಾಂಡದ ತೊಗಟೆ ಹಗ್ಗವಾಗುತ್ತಿತ್ತು.

ಬಟ್ಟೆಯ ಕಥೆಯೂ ಇದರೊಡನೆ ಹೆಣೆದುಕೊಂಡಿದೆ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಬೆಂಗಳೂರಿನ ಆಸುಪಾಸಿನಲ್ಲಿ ಸೆಣಬಿನ ನಾರು ತೆಗೆದು ಗೋಣಿ ನೇಯುವವರ ಬಗ್ಗೆ ಬರೆದಿದ್ದಾನೆ. ದವಸ ತುಂಬುವ ಚೀಲ, ಎತ್ತಿನ ಬೆನ್ನಿನ ಹೇರು, ಕಣದ ಹಾಸು ಎಲ್ಲವೂ ಆ ಒರಟು ಬಟ್ಟೆಯೇ. ಗೋಣಿ ನೇಯುವವರನ್ನು ಗೋಣಿಗರೆಂದು ಪ್ರತ್ಯೇಕ ಸಮುದಾಯವಾಗಿಯೇ ಗುರುತಿಸಲಾಗುತ್ತಿತ್ತು. ಇಂಗ್ಲಿಷಿನ ‘ಗನ್ನಿ’ ಎಂಬ ಪದ ಗೋಣಿಯ ಕುಲದ್ದು. ‘ಕಾಯರ್’ ಎಂಬುದು ಮಲಯಾಳದ ಕಯರಿನಿಂದ ಹೋದದ್ದು. ಪದಗಳನ್ನು ಜಗತ್ತಿಗೆ ಕೊಟ್ಟೆವು, ಕಸುಬನ್ನು ಮನೆಯಲ್ಲಿ ಕಳೆದುಕೊಂಡೆವು.

ಹೀಗೆಂದ ಮಾತ್ರಕ್ಕೆ ಹಿಂದಿನದೆಲ್ಲ ಸುವರ್ಣಯುಗವೆಂದು ಹಾಡುವುದು ನನ್ನ ಉದ್ದೇಶವಲ್ಲ. ಕತ್ತಾಳೆಯ ಪಟ್ಟೆಯಲ್ಲಿ ನಾರಿರುವುದು ತೂಕದ ಶೇ 3–4ರಷ್ಟು ಮಾತ್ರ. ಅಷ್ಟನ್ನು ಪಡೆಯಲು ಪಟ್ಟೆಗಳನ್ನು ಕುಂಟೆಯ ನೀರಿನಲ್ಲಿ ವಾರಗಟ್ಟಲೆ ಕೊಳೆಹಾಕಿ, ಕಲ್ಲಿನ ಮೇಲೆ ಬಡಿದು, ತೊಳೆದು ಒಣಗಿಸಬೇಕಿತ್ತು. ಅದರ ರಸ ತಗುಲಿದರೆ ಮೈಯೆಲ್ಲ ನವೆ, ಕೊಳೆತ ಗುಂಡಿಯ ನಾತ ಊರಾಚೆಯವರೆಗೂ. ಈ ಕೆಲಸ ಯಾರ ಪಾಲಿಗೆ ಬಂತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಮೀನಿಲ್ಲದವರು, ಜಾತಿಯ ಏಣಿಯಲ್ಲಿ ಕೆಳಗಿಡಲ್ಪಟ್ಟವರು ಹಗ್ಗ ಹೊಸೆದರು. ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತು ಅದಕ್ಕೆ ಪ್ರತಿಯಾಗಿ ನಾಲ್ಕು ಮೊರ ರಾಗಿ ಪಡೆದರು. ಆ ಮನೆಗಳ ಮಕ್ಕಳು ಬಿಡದಿಯ ಕಾರ್ಖಾನೆಗಳಿಗೆ ಸಮವಸ್ತ್ರ ತೊಟ್ಟು ಹೋಗುತ್ತಿದ್ದರೆ ಅದು ಸಂತೋಷದ ಸಂಗತಿ. ಅವರನ್ನು ಮತ್ತೆ ಕೊಳೆಗುಂಡಿಗೆ ಇಳಿಸುವ ಪುನರುಜ್ಜೀವನ ನಮಗೆ ಬೇಡ.

ನೈಲಾನ್ ಹಗ್ಗ ಗೆದ್ದದ್ದೂ ಮೋಸದಿಂದಲ್ಲ. ಅದು ಅಗ್ಗ, ಹಗುರ, ನೀರಿನಲ್ಲಿ ಕೊಳೆಯದು. ನೈಲಾನ್ 1930ರ ದಶಕದ, ಪಾಲಿಪ್ರೊಪಿಲೀನ್ 1950ರ ದಶಕದ ಆವಿಷ್ಕಾರ. ಇವೆರಡೂ ನಮ್ಮ ಹಳ್ಳಿಯ ಸಂತೆಗಳನ್ನು ತಲುಪುವ ಹೊತ್ತಿಗೆ ಹಗ್ಗದ ಬಳಕೆಯೇ ಕುಗ್ಗತೊಡಗಿತ್ತು. ಸೇದುವ ಬಾವಿ ಹೋಗಿ ಕೊಳವೆಬಾವಿ ಬಂತು, ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಆದ್ದರಿಂದ ನಾರಿನ ಭವಿಷ್ಯವನ್ನು ಕಣ್ಣಿ, ಮೂಗುದಾರಗಳಲ್ಲಿ ಹುಡುಕುವುದು ವ್ಯರ್ಥ. ಆದರೆ ಪ್ಲಾಸ್ಟಿಕ್ ಹಗ್ಗದ ಬೆಲೆಯಲ್ಲಿ ಅದರ ಪೂರ್ತಿ ವೆಚ್ಚ ಸೇರಿಲ್ಲವೆಂಬುದನ್ನೂ ಹೇಳಬೇಕು. ದನದ ಕುತ್ತಿಗೆಯ ಹುಣ್ಣು, ಉಳುವಾಗ ನೇಗಿಲಿಗೆ ಸಿಕ್ಕಿಕೊಳ್ಳುವ ಎಳೆ, ಚರಂಡಿ ಕಟ್ಟುವ ಚೀಲ, ಇವುಗಳ ಲೆಕ್ಕ ಬೇರೆ ಯಾರದೋ ಖಾತೆಗೆ ಬೀಳುತ್ತದೆ. ಪಿಗೂ ಎಂಬ ಅರ್ಥಶಾಸ್ತ್ರಜ್ಞ 1920ರಷ್ಟು ಹಿಂದೆಯೇ ಚರ್ಚಿಸಿದ ಸಮಸ್ಯೆ ಇದು. ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು. ಬೇಡವೆನ್ನುವುದರಲ್ಲಿ ನಾವು ತಡಮಾಡಲಿಲ್ಲ. ಬದಲಿಗೆ ಏನು ಬೇಕು, ಅದನ್ನು ಯಾರು ಮಾಡಿಕೊಡಬೇಕು ಎಂಬಲ್ಲಿಗೆ ಬಂದಾಗ ಕಡತ ನಿಂತಿತು.

ಇಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ನಾರೆಂದರೆ ತೆಂಗಿನದು. ತೆಂಗು ಉತ್ಪಾದನೆಯಲ್ಲಿ ಕರ್ನಾಟಕ ಇತ್ತೀಚಿನ ವರ್ಷಗಳ ಅಂಕಿಅಂಶಗಳಲ್ಲಿ ಕೇರಳವನ್ನು ಹಿಂದಿಕ್ಕಿದೆ. ವರ್ಷಕ್ಕೆ 500 ಕೋಟಿಗೂ ಹೆಚ್ಚು ಕಾಯಿ ಇಲ್ಲಿ ಬೆಳೆಯುತ್ತದೆ. ಸಾವಿರ ಮಟ್ಟೆಗೆ ಸುಮಾರು 80 ಕಿಲೋ ನಾರು ಎಂಬುದು ಈ ಕಸುಬಿನವರ ವಾಡಿಕೆಯ ಲೆಕ್ಕ. ರಾಜ್ಯದ ಕಾಯಿಯಲ್ಲಿ ಹತ್ತರಲ್ಲೊಂದು ಪಾಲಿನ ಮಟ್ಟೆಯನ್ನು ಹೊಸದಾಗಿ ನಾರಿಗೆ ತಂದರೂ 40,000 ಟನ್ ಆಗುತ್ತದೆ. ಈ ನಾರಿನ ಗುಣವೂ ವಿಶಿಷ್ಟ. ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಅಂಶ ಇದರಲ್ಲಿ ಶೇ 40ಕ್ಕೂ ಹೆಚ್ಚು. ಆದುದರಿಂದಲೇ ಇದು ನೀರು, ಮಣ್ಣುಗಳಲ್ಲಿ ಉಳಿದ ಸಸ್ಯನಾರುಗಳಿಗಿಂತ ನಿಧಾನವಾಗಿ ಕರಗುತ್ತದೆ, ಎಳೆದರೆ ಹಿಗ್ಗುತ್ತದೆ. ಇಳಿಜಾರಿನ ಮಣ್ಣನ್ನು ಹುಲ್ಲು ಬೇರು ಬಿಡುವವರೆಗೆ ಹಿಡಿದಿಟ್ಟು, ಆಮೇಲೆ ತಾನೂ ಮಣ್ಣಾಗುವ ಹಾಸಿಗೆ ಹೇಳಿಮಾಡಿಸಿದ ವಸ್ತು. 2020ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಿ ತೆಂಗಿನ ನಾರಿನ ಹಾಸುಗಳನ್ನು ಬಳಸಲು ಒಪ್ಪಿಗೆ ಕೊಟ್ಟಿತು. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥದಂಥ ಹೆದ್ದಾರಿಗಳ ಉದ್ದಕ್ಕೂ ಮಣ್ಣಿನ ಇಳಿಜಾರು ಎಷ್ಟಿದೆಯೆಂದು ಪ್ರಯಾಣಿಕರು ಕಿಟಕಿಯಿಂದಲೇ ನೋಡಬಹುದು.

ಮಟ್ಟೆಯಲ್ಲಿ ನಾರಿನ ಪಾಲು ಮೂರನೆಯ ಒಂದರಷ್ಟು. ಮಿಕ್ಕಿದ್ದು ಪುಡಿ. ಹಿಂದೆ ಅದನ್ನು ಗುಡ್ಡೆ ಹಾಕಿ, ಮಳೆಗೆ ಕೊಚ್ಚಿಹೋಗಲೆಂದು ಬಿಡುತ್ತಿದ್ದರು. ಇಂದು ಕೋಕೊಪೀಟ್ ಎಂಬ ಹೆಸರಿನಲ್ಲಿ ಅದು ನರ್ಸರಿಗಳಿಗೆ, ಹಸಿರುಮನೆಗಳಿಗೆ, ನಗರದ ತಾರಸಿ ತೋಟಗಳಿಗೆ ಹೋಗುತ್ತಿದೆ. ಭಾರತದ ತೆಂಗಿನ ನಾರಿನ ಉತ್ಪನ್ನಗಳ ರಫ್ತು 2021–22ರಲ್ಲಿ 4,000 ಕೋಟಿ ರೂಪಾಯಿಯನ್ನು ದಾಟಿತು. ಅದರ ಅರ್ಧದಷ್ಟು ಮೌಲ್ಯ ಈ ಪುಡಿಯದೇ. ಕಸವೆಂದು ಕರೆದದ್ದು ರಫ್ತಿನ ಮೊದಲ ಸರಕಾಗಿದೆ. ಹಿನ್ನೀರಿನಲ್ಲಿ ಕೊಳೆಹಾಕಿದ ಕರಾವಳಿಯ ಮಟ್ಟೆಯಷ್ಟು ಉಪ್ಪು ನಮ್ಮ ಒಳನಾಡಿನ ಮಟ್ಟೆಯಲ್ಲಿ ಇರುವುದಿಲ್ಲವೆಂಬುದು ನಮಗಿರುವ ಇನ್ನೊಂದು ಅನುಕೂಲ.

ಹೀಗಿದ್ದೂ ಚನ್ನಪಟ್ಟಣ, ಮಾಗಡಿಗಳ ತೋಟದ ರೈತನಿಗೆ ಮಟ್ಟೆಯಿಂದ ಬರುವ ಆದಾಯ ಹೇಳಿಕೊಳ್ಳುವಂಥದ್ದಲ್ಲ. ಕಾಯಿ ಸುಲಿಯುವ ಕೂಲಿಗೆ ಸರಿಹೋದರೆ ಸಾಕೆಂದು ಲಾರಿಯವನಿಗೆ ಒಪ್ಪಿಸುವವರೇ ಹೆಚ್ಚು. ಬೇರೆಡೆ ಏನು ಬೆಲೆ ನಡೆದಿದೆಯೆಂದು ತಿಳಿಯುವ ದಾರಿ ಅವನಿಗಿಲ್ಲ. ಕಾರಣವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದಿದ ಒಂದು ಪ್ರಬಂಧದಲ್ಲಿ ಕಾಣಬಹುದು. 1970ರಲ್ಲಿ ಜಾರ್ಜ್ ಅಕೆರ್ಲಾಫ್ ಹಳೆಯ ಕಾರುಗಳ ವ್ಯಾಪಾರವನ್ನು ನಿದರ್ಶನವಾಗಿಟ್ಟುಕೊಂಡು, ಸರಕಿನ ಗುಣಮಟ್ಟ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಒಳ್ಳೆಯ ಸರಕು ಮಾರುಕಟ್ಟೆಯಿಂದಲೇ ಹೊರಬೀಳುತ್ತದೆಂದು ತೋರಿಸಿದ. 2001ರಲ್ಲಿ ನೊಬೆಲ್ ಪುರಸ್ಕಾರ ಪಡೆದವರಲ್ಲಿ ಅವನೂ ಒಬ್ಬ. ನಾರಿನ ವ್ಯಾಪಾರದಲ್ಲಿ ನಡೆಯುವುದು ಇದೇ. ನಾರು ತೂಕದ ಮೇಲೆ ಮಾರಾಟವಾಗುತ್ತದೆ. ನೀರು ಚಿಮುಕಿಸಿದರೆ, ಮರಳೋ ಪುಡಿಯೋ ಉಳಿಸಿದರೆ ತೂಕ ಹೆಚ್ಚುತ್ತದೆ. ಕೊಳ್ಳುವವನು ಎಲ್ಲರೂ ಹೀಗೇ ಮಾಡಿರುತ್ತಾರೆಂದು ಊಹಿಸಿ ಎಲ್ಲರ ಬೆಲೆಯನ್ನೂ ಕಡಿಮೆ ಕೂಗುತ್ತಾನೆ. ಆಗ ಎರಡು ದಿನ ಬಿಸಿಲಿನಲ್ಲಿ ಒಣಗಿಸಿ, ಝಾಡಿಸಿ, ಚೊಕ್ಕಟ ನಾರು ತಂದವನೇ ಮೂರ್ಖನಾಗುತ್ತಾನೆ. ಮುಂದಿನ ಬಾರಿ ಅವನೂ ಒಣಗಿಸುವುದಿಲ್ಲ.

ಗೂಡಿನ ಮಾರುಕಟ್ಟೆ ಈ ರೋಗಕ್ಕೆ ಮದ್ದು ಕಂಡುಕೊಂಡದ್ದು ಸರಕನ್ನು ಎಲ್ಲರೆದುರು ಹರಡುವುದರಿಂದ, ತೂಕವನ್ನು ಮೂರನೆಯವನ ಕೈಗೆ ಕೊಟ್ಟಿದ್ದರಿಂದ. ನಾರಿಗೆ ನಾವು ಕೊಟ್ಟದ್ದು ಏನು? ಕೇಂದ್ರದಲ್ಲಿ 1953ರ ಕಾಯ್ದೆಯಡಿ ರಚನೆಯಾದ, ಕಾಯರ್ ಬೋರ್ಡ್ ಎಂದೇ ಎಲ್ಲರೂ ಕರೆಯುವ ತೆಂಗಿನ ನಾರು ಮಂಡಳಿ ಇದೆ. ಅದರ ತಂತ್ರಜ್ಞಾನ ಸಂಸ್ಥೆಯೊಂದು ಬೆಂಗಳೂರಿನ ಪೀಣ್ಯದಲ್ಲೇ ಇದೆ. ರಾಜ್ಯದಲ್ಲಿ ತೆಂಗಿನ ನಾರಿನ ಅಭಿವೃದ್ಧಿ ನಿಗಮವಿದೆ, ಸಹಕಾರ ಮಹಾಮಂಡಲವಿದೆ. ಇವು ತರಬೇತಿ ಕೊಟ್ಟಿವೆ, ರಾಟೆ ಕೊಟ್ಟಿವೆ, ಸಹಾಯಧನ ಕೊಟ್ಟಿವೆ. ಬೆಲೆ ಗೊತ್ತಾಗುವ ಕಟ್ಟೆಯೊಂದನ್ನು ಮಾತ್ರ ಕೊಡಲಿಲ್ಲ.

ಸೇವೆಯಲ್ಲಿದ್ದ ಕಾಲದಲ್ಲಿ ದಕ್ಷಿಣದ ಜಿಲ್ಲೆಯೊಂದರ ಮಹಿಳಾ ಸಹಕಾರ ಸಂಘದ ಪರಿಶೀಲನೆಗೆ ಹೋಗಿದ್ದೆ. ಕಟ್ಟಡ ಗಟ್ಟಿಯಾಗಿತ್ತು, ರಾಟೆಗಳು ಸಾಲಾಗಿದ್ದವು, ತರಬೇತಿ ಪಡೆದ ಹೆಂಗಸರೂ ಇದ್ದರು. ನಾರು ಮಾತ್ರ ಇರಲಿಲ್ಲ. ಸುತ್ತಲಿನ ತೋಟಗಳ ಮಟ್ಟೆ ಮುಂಗಡ ಹಣ ಕೊಟ್ಟವರ ಲಾರಿಯೇರಿ ತಮಿಳುನಾಡಿನ ಕಡೆಗೆ ಹೋಗುತ್ತಿತ್ತು. ಮುಂಗಡ ಕೊಡಲು ಸಂಘದ ಬಳಿ ದುಡಿಯುವ ಬಂಡವಾಳವಿರಲಿಲ್ಲ. ವಯಸ್ಸಾದ ಸದಸ್ಯೆಯೊಬ್ಬರು, ‘ರಾಟೆ ಕೊಟ್ರಿ ಸ್ವಾಮಿ, ಸುತ್ತೋಕೆ ಏನೈತೆ ಹೇಳಿ?’ ಎಂದರು. ಯಂತ್ರಕ್ಕೆ ಸಹಾಯಧನ ಮಂಜೂರು ಮಾಡುವುದು ಸುಲಭ. ಉದ್ಘಾಟನೆಗೆ ಫಲಕ ಹಾಕಬಹುದು. ಕಚ್ಚಾವಸ್ತು ಕೊಳ್ಳಲು ಬೇಕಾದ ಸಣ್ಣ ಆವರ್ತ ನಿಧಿಗೆ ಫಲಕವಿರುವುದಿಲ್ಲ. ದೇಶದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿ ಈ ಉದ್ಯಮದಲ್ಲಿದ್ದು, ಅವರಲ್ಲಿ ಶೇ 80ರಷ್ಟು ಮಹಿಳೆಯರೆಂದು ಮಂಡಳಿಯೇ ಹೇಳುತ್ತದೆ. ಮನೆಯ ಕೆಲಸ ಮುಗಿಸಿ, ಊರು ಬಿಡದೆ ನಾಲ್ಕು ಕಾಸು ಸಂಪಾದಿಸುವ ದಾರಿ ಅವರಿಗೆ ಬೇರೆ ಎಷ್ಟಿವೆ?

ಸರ್ಕಾರ ನಾರೊಂದರ ಪರವಾಗಿ ನಿಲ್ಲಬಾರದೆಂಬ ವಾದವನ್ನು ಮಾರುಕಟ್ಟೆಯ ಪರಿಶುದ್ಧತೆಯ ಹೆಸರಿನಲ್ಲಿ ಮಂಡಿಸುವವರಿದ್ದಾರೆ. ಅವರು 1987ರ ಸೆಣಬಿನ ಪ್ಯಾಕಿಂಗ್ ಸಾಮಗ್ರಿ ಕಡ್ಡಾಯ ಬಳಕೆ ಕಾಯ್ದೆಯನ್ನು ಮರೆಯುತ್ತಾರೆ. ಆಹಾರಧಾನ್ಯವನ್ನು ಪೂರ್ತಿಯಾಗಿಯೂ ಸಕ್ಕರೆಯಲ್ಲಿ ಶೇ 20ನ್ನೂ ಬಂಗಾಳದ ಸೆಣಬಿನ ಚೀಲದಲ್ಲೇ ತುಂಬಬೇಕೆಂಬ ಆದೇಶಗಳು ಈ ಕಾಯ್ದೆಯಡಿ ಬಂದಿವೆ. ಅಂದರೆ ಮಂಡ್ಯದ ಸಕ್ಕರೆ ಕಾರ್ಖಾನೆಯೂ ರಾಯಚೂರಿನ ಅಕ್ಕಿ ಗಿರಣಿಯೂ ಹೂಗ್ಲಿ ದಂಡೆಯ ಗಿರಣಿಗಳಿಗೆ ಗ್ರಾಹಕರಾಗಿರಬೇಕೆಂದು ಕಾನೂನು ಬಯಸುತ್ತದೆ. ಬಂಗಾಳದ ರೈತರ ಹಿತಕ್ಕೆ ಮಾಡಿದ ಈ ಏರ್ಪಾಡನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಕಡ್ಡಾಯದ ಕೊಳ್ಳುವಿಕೆ ಗಿರಣಿಗಳನ್ನು ಸೋಮಾರಿಗಳನ್ನಾಗಿ ಮಾಡಿ, ಹೊಸ ಉತ್ಪನ್ನಗಳತ್ತ ಅವು ಹೊರಳದಂತೆ ತಡೆಯಿತೆಂಬ ಟೀಕೆಯಲ್ಲಿ ಹುರುಳಿದೆ. ನಮ್ಮ ನಾರಿಗೆ ಅಂಥ ಊರುಗೋಲನ್ನು ಕೇಳುವುದು ಬೇಡ. ತಕ್ಕಡಿಯೊಂದನ್ನು ಕೇಳೋಣ.

ತಕ್ಕಡಿಯೆಂಬುದು ಕೃಷಿಯ ಮಾತಷ್ಟೇ ಅಲ್ಲ, ಕೈಗಾರಿಕೆಯದೂ ಹೌದು ಎನ್ನುವುದಕ್ಕೆ ಬಿಡದಿಯೇ ನಿದರ್ಶನ. ತಟ್ಟೆ ಇಡ್ಲಿಗೆ ಹೆಸರಾಗಿದ್ದ ಈ ಊರಿನ ಪಕ್ಕದಲ್ಲಿ 1999ರ ಕೊನೆಯ ಹೊತ್ತಿಗೆ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಅದರ ಹಿಂದೆಯೇ ಬಿಡಿಭಾಗಗಳ ಘಟಕಗಳು ಬಂದವು. ಇದೇ ಟೊಯೋಟ ಸಮೂಹ ಜಪಾನಿನಲ್ಲಿ 2000ದ ಇಸವಿಯಲ್ಲೇ ತನ್ನ ಐಷಾರಾಮಿ ಕಾರೊಂದರ ಬಾಗಿಲಿನ ಒಳಪಟ್ಟಿಗೆ ಕೆನಾಫ್ ಎಂಬ ಗಿಡದ ನಾರನ್ನು ಬಳಸಿತು. ಕೆನಾಫ್ ಬೇರೆ ಯಾವುದೂ ಅಲ್ಲ, ನಮ್ಮ ಪುಂಡಿ. ಯುರೋಪಿನ ಕಾರು ತಯಾರಕರೂ ಅಗಸೆ, ಕತ್ತಾಳೆ, ತೆಂಗಿನ ನಾರುಗಳನ್ನು ಒಳಭಾಗಗಳಿಗೆ ಬಳಸುತ್ತ ಬಂದಿದ್ದಾರೆ. ಹಗುರವಾದಷ್ಟೂ ಇಂಧನ ಉಳಿತಾಯ. ಬಿಡದಿಯ ಯಾವ ಘಟಕ ಏನು ಕೊಳ್ಳಬೇಕೆಂದು ನಾನು ಹೇಳಹೊರಟಿಲ್ಲ. ಆದರೆ ಇಂಥ ಗ್ರಾಹಕ ಮೊದಲು ಕೇಳುವುದು ಬೆಲೆಯನ್ನಲ್ಲ. ತೇವಾಂಶ ಎಷ್ಟು, ಎಳೆಯ ಉದ್ದವೆಷ್ಟು, ಪ್ರತಿ ತಿಂಗಳೂ ಅದೇ ಗುಣಮಟ್ಟದ ಸರಕು ಬರುವುದೇ ಎಂದು. ಗುಣದರ್ಜೆ ನಮೂದಿಸಿದ ಚೀಟಿಯಿಲ್ಲದ ನಾರು ಆ ಕಾರ್ಖಾನೆಯ ಬಾಗಿಲಿನೊಳಗೆ ಕಾಲಿಡಲಾರದು. ಐದು ಮೈಲಿ ದೂರದ ತೋಟಕ್ಕೂ ಆ ಬಾಗಿಲಿಗೂ ನಡುವಿನ ಅಂತರ ಇಷ್ಟೇ, ಆದರೆ ಅದನ್ನು ರೈತನೊಬ್ಬನೇ ದಾಟಲಾರ.

ಈ ಮಾತಿಗೆ ಈಗ ತುರ್ತು ಬಂದಿರುವುದಕ್ಕೆ ಬೇರೊಂದು ಕಾರಣವಿದೆ. ಬಿಡದಿಯ ಸುತ್ತಲಿನ ಸಾವಿರಾರು ಎಕರೆಯಲ್ಲಿ ಉಪನಗರ ಕಟ್ಟುವ ಯೋಜನೆ 2006ರ ಸುಮಾರಿಗೆ ಮೊದಲು ಪ್ರಸ್ತಾಪವಾಗಿ, ವರ್ಷಗಟ್ಟಲೆ ಮಲಗಿ, 2025ರಲ್ಲಿ ಮತ್ತೆ ಎದ್ದು ಕುಳಿತಿತು. ಬೈರಮಂಗಲ, ಕಂಚುಗಾರನಹಳ್ಳಿ ಭಾಗದ ರೈತರು ವಿರೋಧಿಸಿ ಬೀದಿಗಿಳಿದರು. ಯೋಜನೆಯ ಸರಿತಪ್ಪುಗಳು ಬೇರೊಂದು ಲೇಖನದ ವಸ್ತು. ಆದರೆ ತೋಟವೊಂದರ ಬೆಲೆ ಕಟ್ಟುವಾಗ ಅಧಿಕಾರಿ ಏನನ್ನು ಲೆಕ್ಕ ಹಾಕುತ್ತಾನೆ? ನೆಲದ ದರ, ಮರದ ಸಂಖ್ಯೆ, ಮರದ ವಯಸ್ಸು, ಕಾಯಿಯ ಇಳುವರಿ. ಮಟ್ಟೆ, ನಾರು, ಪುಡಿಗಳಿಂದ ಆ ಊರಿನಲ್ಲಿ ಬೆಳೆಯಬಹುದಾಗಿದ್ದ ಸಂಪಾದನೆ ಯಾವ ನಮೂನೆಯಲ್ಲೂ ಇಲ್ಲ. ಮಾರುಕಟ್ಟೆಯಲ್ಲಿ ಬೆಲೆ ದಾಖಲಾಗದ ವಸ್ತು ಸರ್ಕಾರದ ಕಣ್ಣಿಗೂ ಬೀಳುವುದಿಲ್ಲ. ಜಮೀನಿನ ಒಡೆಯನಿಗೆ ಪರಿಹಾರ ಸಿಗಬಹುದು. ಅವನ ತೋಟದಲ್ಲಿ ಕಾಯಿ ಸುಲಿಯುತ್ತಿದ್ದವನಿಗೆ, ನಾರು ಬಿಡಿಸಬಹುದಾಗಿದ್ದವಳಿಗೆ ಸಿಗುವುದು ಕಷ್ಟ.

ಬೈರಮಂಗಲದ ಹೆಸರೆತ್ತಿದ ಮೇಲೆ ನೀರಿನ ಮಾತನ್ನೂ ಆಡಬೇಕು. ವೃಷಭಾವತಿಯ ಮೂಲಕ ಬೆಂಗಳೂರಿನ ಕೊಳಚೆಯನ್ನೆಲ್ಲ ಹೊತ್ತುಕೊಂಡ ಆ ಕೆರೆಯ ನೊರೆಯನ್ನು ಕಂಡವರಿಗೆ, ಇನ್ನೊಂದು ಮಾಲಿನ್ಯವನ್ನು ಈ ಸೀಮೆಗೆ ತರಬಾರದೆಂಬುದು ಅರ್ಥವಾಗುತ್ತದೆ. ಮಟ್ಟೆಯ ಪುಡಿಯನ್ನು ತೊಳೆದ ನೀರು ಒಗರಿನಿಂದ ಕೆಂಪಾಗಿರುತ್ತದೆ. ಅದನ್ನು ಹಳ್ಳಕ್ಕೆ ಬಿಡುವಂತಿಲ್ಲ. ಕೊಳೆಹಾಕುವ ಹಳೆಯ ಪದ್ಧತಿಗೆ ಜಾಗವೇ ಇಲ್ಲ, ಯಂತ್ರದಿಂದ ಬಿಡಿಸುವುದೇ ದಾರಿ. ಯಂತ್ರಕ್ಕೂ ಕಟ್ಟುಪಾಡು ಬೇಕು. ಬ್ರೆಜಿಲ್‌ನ ಬಹಿಯಾ ಪ್ರಾಂತದಲ್ಲಿ ಕತ್ತಾಳೆ ಬಿಡಿಸುವ ಅಗ್ಗದ ಯಂತ್ರಗಳಿಗೆ ಕೈ ಕಳೆದುಕೊಂಡ ಕೂಲಿಗಳು ಬಹಳ ಮಂದಿ. ನಾರನ್ನೇ ನಂಬಿದ ನಾಡಿಗೆ ಇನ್ನೊಂದು ಎಚ್ಚರಿಕೆ ಟಾಂಜಾನಿಯಾದ್ದು. 1893ರಲ್ಲಿ ಅಮೆರಿಕದಿಂದ ತಂದು ನೆಟ್ಟ ಕತ್ತಾಳೆ ಅಲ್ಲಿ 1960ರ ದಶಕದಲ್ಲಿ ವರ್ಷಕ್ಕೆ 2 ಲಕ್ಷ ಟನ್‌ಗೂ ಮಿಕ್ಕಿ ನಾರು ಕೊಟ್ಟಿತು. ಹುಲ್ಲಿನ ಹೊರೆ ಕಟ್ಟುವ ದಾರಕ್ಕೆ ಪಾಲಿಪ್ರೊಪಿಲೀನ್ ಬಂದದ್ದೇ ಆ ತೋಟಗಳು ಕುಸಿದವು. ಕಚ್ಚಾ ನಾರನ್ನು, ಅದೂ ಒಂದೇ ಬಳಕೆಗೆ, ಒಂದೇ ದಿಕ್ಕಿಗೆ ಮಾರಿ ಬದುಕುವವರ ಗತಿ ಅದು. ವಿಶ್ವಸಂಸ್ಥೆ 2009ನ್ನು ನೈಸರ್ಗಿಕ ನಾರುಗಳ ವರ್ಷವೆಂದು ಆಚರಿಸಿದಾಗ ಇಂಥ ಪಾಠಗಳನ್ನು ಚರ್ಚಿಸುವ ಅವಕಾಶವಿತ್ತು. ನಮ್ಮಲ್ಲಿ ಆ ವರ್ಷ ಬಂದದ್ದೂ ಹೋದದ್ದೂ ಹೆಚ್ಚಿನವರಿಗೆ ತಿಳಿಯಲಿಲ್ಲ.

ಹಾಗಾದರೆ ಆಗಬೇಕಾದುದೇನು? ಗೂಡಿನ ಮಾರುಕಟ್ಟೆಯನ್ನು ಇದ್ದಂತೆಯೇ ನಕಲು ಮಾಡಿದರೆ ಪ್ರಯೋಜನವಿಲ್ಲ. ಗೂಡು ಹಗುರ, ಬೆಲೆ ಹೆಚ್ಚು; ರೈತ ಬಸ್ಸಿನಲ್ಲೇ ಹೊತ್ತು ತರಬಲ್ಲ. ಮಟ್ಟೆ ಬೃಹತ್ ಗಾತ್ರದ, ಅಲ್ಪ ಬೆಲೆಯ ಸರಕು. ಇಪ್ಪತ್ತು ಮೈಲಿ ಸಾಗಿಸಿದರೆ ಬಾಡಿಗೆಯೇ ಬೆಲೆಯನ್ನು ನುಂಗುತ್ತದೆ. ಆದ್ದರಿಂದ ಮಟ್ಟೆ ಊರಲ್ಲೇ ಉಳಿಯಲಿ, ಹೋಬಳಿಗೊಂದರಂತೆ ಸಹಕಾರ ಸಂಘವೋ ರೈತ ಉತ್ಪಾದಕರ ಕಂಪನಿಯೋ ನಾರು ಬಿಡಿಸಲಿ. ಮಾರುಕಟ್ಟೆಗೆ ಬರಬೇಕಾದದ್ದು ಒಣಗಿಸಿ ಒತ್ತಿದ ನಾರಿನ ಕಟ್ಟು, ಪುಡಿಯ ಇಟ್ಟಿಗೆ. ಅಲ್ಲಿ ತೇವಾಂಶ ಅಳೆದು, ಎಳೆ ನೋಡಿ, ದರ್ಜೆಯ ಚೀಟಿ ಅಂಟಿಸಿ, ಬಹಿರಂಗ ಹರಾಜು ನಡೆಯಬೇಕು. ಅಂದಿನ ಬೆಲೆ ಸಂಜೆಯೊಳಗೆ ಹಳ್ಳಿಯ ಮೊಬೈಲುಗಳಿಗೆ ತಲುಪಬೇಕು. ವಾರಕ್ಕೆ ಎರಡು ದಿನ ಸಾಕು, ಏಕೆಂದರೆ ನಾರಿನೊಳಗೆ ಚಿಟ್ಟೆಯಿಲ್ಲ. ಮಾರಾಟವಾಗದ ಕಟ್ಟನ್ನು ಗೋದಾಮಿನಲ್ಲಿಟ್ಟು, ರಸೀದಿಯ ಮೇಲೆ ಸಾಲ ಪಡೆಯುವಂತಿದ್ದರೆ ಸಂಘಗಳ ಮುಂಗಡದ ಸಂಕಟವೂ ಅರ್ಧ ನೀಗುತ್ತದೆ. ಕತ್ತಾಳೆ, ಬಾಳೆ, ಪುಂಡಿಗಳ ನಾರನ್ನೂ ಅದೇ ಕಟ್ಟೆಗೆ ತರಲು ಅಡ್ಡಿಯಿರಬಾರದು. ಆರಂಭದಲ್ಲಿ ಬರುವುದು ನಾಲ್ಕೇ ಕಟ್ಟಾದರೂ ಸರಿ. ಸರ್ಕಾರದ ಲೋಕೋಪಯೋಗಿ, ನೀರಾವರಿ ಮತ್ತು ಅರಣ್ಯ ಇಲಾಖೆಗಳು ತಮಗೆ ಬೇಕಾದ ಹಾಸು, ಸಸಿಯ ಮಡಿಗಳ ಪುಡಿಯನ್ನು ಇಲ್ಲಿ ದರ್ಜೆ ಪಡೆದ ನಾರಿನಿಂದ ಮಾಡಿದವರಿಂದಲೇ ಕೊಂಡರೆ ಮೊದಲ ಎರಡು ವರ್ಷದ ವಹಿವಾಟಿಗೆ ಧೈರ್ಯ ಬರುತ್ತದೆ. ಇದು ಕಡ್ಡಾಯವಲ್ಲ, ಟೆಂಡರಿನ ಒಂದು ಷರತ್ತು.

ಇದಕ್ಕೆ ತಗಲುವ ವೆಚ್ಚ ಹೆಚ್ಚಿನದಲ್ಲ. ಛಾವಣಿ, ತೂಕದ ಯಂತ್ರ, ತೇವಾಂಶ ಅಳೆಯುವ ಉಪಕರಣ, ತರಬೇತಿ ಪಡೆದ ಕೆಲವು ಸಿಬ್ಬಂದಿ. ಹರಾಜು ನಡೆಸುವ ಅನುಭವ ರಾಮನಗರದಲ್ಲೇ ಇದೆ, ಗುಣಮಟ್ಟ ಪರೀಕ್ಷಿಸುವ ಜ್ಞಾನ ಪೀಣ್ಯದಲ್ಲಿದೆ. ತೊಡಕಿರುವುದು ಬೇರೆಡೆ. ತೆಂಗಿನ ಮರ ತೋಟಗಾರಿಕೆ ಇಲಾಖೆಗೆ ಸೇರಿದ್ದು. ಅದರ ನಾರು ಕೈಗಾರಿಕಾ ಇಲಾಖೆಯದು. ನಾರು ಬಿಡಿಸುವ ಸಂಘ ಸಹಕಾರ ಇಲಾಖೆಯದು. ಹರಾಜು ಕಟ್ಟೆ ಕೃಷಿ ಮಾರುಕಟ್ಟೆ ಇಲಾಖೆಯದು. ಮಂಡಳಿ ಕೇಂದ್ರದ ಸಣ್ಣ ಕೈಗಾರಿಕೆಗಳ ಸಚಿವಾಲಯದ್ದು. ಒಂದು ಮಟ್ಟೆಗೆ ಐದು ಕಡತ. ರೇಷ್ಮೆಗೆ ಈ ತಾಪತ್ರಯವಿರಲಿಲ್ಲ, ಹುಳುವಿನಿಂದ ನೂಲಿನವರೆಗೆ ಒಂದೇ ಇಲಾಖೆ ನೋಡಿಕೊಂಡಿತು. ರಾಜ್ಯದ ಮಟ್ಟಿಗಾದರೂ ನಾಲ್ಕು ಕಡತಗಳನ್ನು ಒಂದು ಮೇಜಿಗೆ ತರುವ ಆದೇಶಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಹೆಚ್ಚುವರಿ ಅನುದಾನವೂ ಬೇಕಿಲ್ಲ. ಮುಂದಿನ ಮುಂಗಡಪತ್ರಕ್ಕೆ ಮುನ್ನ ಸಚಿವ ಸಂಪುಟದ ಒಂದು ಬೈಠಕ್ಕಿನಲ್ಲಿ ಅದನ್ನು ಹೊರಡಿಸಬಹುದು. ಯಾವ ಇಲಾಖೆಯ ಮೇಜು ಎಂದು ನನ್ನನ್ನು ಕೇಳಿದರೆ, ಗೂಡಿನ ಹರಾಜು ನಡೆಸಿ ಕೈ ಪಳಗಿದ ರೇಷ್ಮೆ ಇಲಾಖೆಯದೇ ಆಗಲಿ ಎನ್ನುತ್ತೇನೆ.